ಹದಿನೆಂಟು ವರ್ಷಕ್ಕೆ ಒಂಬತ್ತು ಗೋಲು

ಝೆಫೆರಿನೊ ಲಮೇಗೊ.
ಶಿಡ್ಲಘಟ್ಟದ ನಾಲಿಗೆಗೆ ಹೊರಳುವ ಹೆಸರಲ್ಲ.
ನಮ್ಮ ನೂಲುಮನೆಯಲ್ಲಿ ಎಲ್ಲರೂ ಜಾಫರ್ ಅಂದರು,
ಪೋರ್ಚುಗಲ್ಲಿನಿಂದ ಅವನೂ ಬೇಡವೆನ್ನಲಿಲ್ಲ.

ರಾತ್ರಿ ಒಂದೂವರೆಗೆ ಅವನ ಆಟ,
ನಾಲ್ಕಕ್ಕೆ ನನ್ನ ಒಲೆ.
ಮೊದಲು ಸಾದತ್ ಭಾಯ್ ಹೋಟೆಲಿನ ಟೀವಿ,
ಆಮೇಲೆ ಅಂಗೈಯಗಲ ಫೋನು.
ನಡುವಿನ ನಿದ್ದೆಯೆಲ್ಲ ಅವನ ಖಾತೆಗೆ.

ಮುನಿನಂಜಪ್ಪ ದಿಬ್ಬೂರಹಳ್ಳಿಯಿಂದ ಗೂಡು ತರುವವನು,
ಲೆಕ್ಕದ ಮನುಷ್ಯ.
'ಎಷ್ಟು ಗೋಲು ಹೊಡ್ದವ್ನೆ ನಿನ್ ಜಾಫರ್ರು?'
'ಒಂಬತ್ತು.'
'ಈ ವರ್ಷಕ್ಕಾ?'
'ಇಲ್ಲ. ಹದಿನೆಂಟು ವರ್ಷಕ್ಕೆ.'
ಬೀಡಿ ಕೆಳಗಿಟ್ಟು ನಕ್ಕ.
ತಕ್ಕಡಿಯೂ ಸ್ವಲ್ಪ ಅಲುಗಿತು.

ಹೇಗೆ ಹೇಳಲಿ.
ಕುದಿನೀರಲ್ಲಿ ಗೂಡುಗಳು ತೇಲುವಾಗ
ಬೆರಳು ಹುಡುಕುವುದು ಬರೀ ಒಂದು ತುದಿಯನ್ನು.
ಕಣ್ಣಿಗೆ ಕಾಣದು.
ಸಿಕ್ಕಿತೆಂದು ಸಿಕ್ಕ ಮೇಲೇ ಗೊತ್ತು.
ಎಂಟು ಗೂಡಿನ ಎಳೆ ಸೇರಿ ಒಂದು ನೂಲು;
ಒಂದು ಮುಗಿಯುವ ಹೊತ್ತಿಗೆ ಇನ್ನೊಂದರ ತುದಿಯನ್ನು
ಓಡುವ ನೂಲಿನ ಮೈಗೆ ಎಸೆಯಬೇಕು,
ರಾಟೆ ನಿಲ್ಲಬಾರದು.
ಸೀರೆ ಉಟ್ಟ ಯಾರಾದರೂ
ಆ ಕೂಡಿಕೆಯನ್ನು ಕಂಡಿದ್ದಾರೆಯೇ?

ಅವನದೂ ಅದೇ ಕಸುಬು.
ಚೆಂಡು ಬರುವ ಮೊದಲೇ
ಒಮ್ಮೆ ಎಡಹೆಗಲಿಂದ, ಒಮ್ಮೆ ಬಲಹೆಗಲಿಂದ
ಹಿಂದೆ ನೋಡಿಕೊಳ್ಳುತ್ತಿದ್ದ,
ಸಂತೆಯಲ್ಲಿ ಸಾಲ ಉಳಿಸಿಕೊಂಡವನ ಹಾಗೆ.
ಒಂದೇ ಮುಟ್ಟು.
ಚೆಂಡು ಹೋಯಿತು, ಕ್ಯಾಮೆರಾ ಚೆಂಡಿನ ಹಿಂದೆ ಹೋಯಿತು,
ಪರದೆಯ ಅಂಚಿನಲ್ಲಿ ಅವನು ಅಳಿಸಿಹೋಗುವುದನ್ನು
ನಾನೊಬ್ಬ ನೋಡುತ್ತಿದ್ದೆ.

ಮೊದಲು ಮೀನುಗಾರರ ಊರಿನ ಸಣ್ಣ ಕ್ಲಬ್ಬು,
ಆಮೇಲೆ ಲಿಸ್ಬನ್ನು,
ಇಟಲಿಯಲ್ಲಿ ಮೂರು ಚಳಿಗಾಲ.
ಅವನ ಮೊಣಕಾಲು ಹರಿದ ವರ್ಷವೇ
ಚೀನಾ ನೂಲು ಬಂದು ನನ್ನ ರಾಟೆ ಮೂರು ತಿಂಗಳು ನಿಂತದ್ದು.
ಇಬ್ಬರೂ ಎದ್ದೆವು.
ಅವನು ಮತ್ತೆ ಮೀನಿನೂರಿಗೆ,
ನಾನು ಅದೇ ಬಾಣಲೆಗೆ.

ಒಂದು ಸಲ ಕೂತು ಗುಣಿಸಿದೆ.
ಬಿಳಿಗೂಡೊಂದಕ್ಕೆ ಹತ್ತಿರ ಹತ್ತಿರ ಕಿಲೋಮೀಟರು ಎಳೆ.
ಒಂದಾಟಕ್ಕೆ ಅವನ ಓಟ ಹನ್ನೊಂದು ಕಿಲೋಮೀಟರು.
ಆರುನೂರ ಹನ್ನೆರಡು ಆಟ.
ಆರು ಸಾವಿರದ ಏಳುನೂರ ಮೂವತ್ತೆರಡು ಗೂಡು,
ತೂಕಕ್ಕೆ ಹಾಕಿದರೆ ಹನ್ನೊಂದು ಕೇಜಿ ಚಿಲ್ಲರೆ.
ಒಬ್ಬನ ಇಡೀ ಓಟ
ನನ್ನ ಬಾಣಲೆಯಲ್ಲಿ ಒಂದು ಬೆಳಗು.
ಆ ಹಾಳೆ ಯಾರಿಗೂ ತೋರಿಸಲಿಲ್ಲ,
ಒಲೆಗೆ ಹಾಕಿದೆ.

ಕೊನೆಯಾಟದ ಎಪ್ಪತ್ತೊಂದನೇ ನಿಮಿಷ
ಬೋರ್ಡಿನ ಮೇಲೆ ಕೆಂಪಗೆ ಎಂಟು,
ಗೂಡಿನ ಮಾರ್ಕೆಟ್ಟಿನಲ್ಲಿ ಲಾಟು ಮೂಡುವ ಹಾಗೆ.
ಯಾರೂ ಬೆಲೆ ಕೂಗಲಿಲ್ಲ, ಎದ್ದು ನಿಂತರು.
ತೋಳಿನ ಪಟ್ಟಿ ಬಿಚ್ಚಿ ಒಬ್ಬ ಹುಡುಗನಿಗೆ ಕೊಟ್ಟ,
ಅವನ ಕಿವಿಯಲ್ಲಿ ಏನೋ ಹೇಳಿದ.
ಅಷ್ಟರಲ್ಲಿ ನನ್ನ ಡೇಟಾ ಮುಗಿಯಿತು.
ಪರದೆಯ ಮೇಲೆ ಬೆನ್ನು, ಎಂಟು,
ಎತ್ತಿದ ಒಂದು ಕಾಲು.

ಆಮೇಲೆ ಎಲ್ಲೋ ಹೇಳಿದನಂತೆ:
ಮೆಟ್ಟಿಲು ಹತ್ತುವಾಗ ನೋವಿಲ್ಲ,
ಇಳಿಯುವಾಗ ಮಾತ್ರ.
ನಿಂತು ನಿಂತು ನನಗೂ ಹಾಗೇ, ಜಾಫರ್.

ಮುಂದಿನ ವಾರ ಮುನಿನಂಜಪ್ಪ ಬಂದ.
ಸುದ್ದಿ ಗೊತ್ತಿತ್ತು, ನಗಲಿಲ್ಲ.
'ಆ ಒಂಬತ್ರಲ್ಲಿ ಒಂದಾದ್ರೂ ತೋರ್ಸಪ್ಪ.'
ಗೋಲು ಬಿಟ್ಟು ಬೇರೊಂದು ತೋರಿಸಿದೆ,
ಒದ್ದೆ ಹುಲ್ಲು, ಹತ್ತು ಸೆಕೆಂಡು.
ಕನ್ನಡಕ ಏರಿಸಿ ಮೂರು ಸಲ ನೋಡಿದ.
'ಇದ್ರಾಗೆ ಅವನೆಲ್ಲವ್ನೆ?'
'ಈಗ ಹೋದ್ನಲ್ಲ,
ಅವನೇ.'