ಎಡಗೈ ಲೋಟ

ಮೇಲಿನ ಮನೆಯ ಡೆಲ್ಫಿನ್ ಊರಿಗೆ ಹೋದಾಗ
ಇಪ್ಪತ್ತು ದಿನ ಅವರ ಕರಿಬೇವಿಗೆ ನೀರು ಹಾಕಿದ್ದಕ್ಕೆ
ಸಿಕ್ಕ ಬಾಟಲಿ. ಬಿಳಿ ವೈನು ಅಂತ ಹೆಸರು;
ಬಿಳಿ ಎಲ್ಲಿದೆ? ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ.
ಲ್ಯಾಬಿನಲ್ಲಿ ದಿನಕ್ಕೆ ನಲವತ್ತು ಸಲ ನೋಡುವ ಬಣ್ಣ,
ಅಲ್ಲಿ ಅದಕ್ಕೊಂದು ಚೀಟಿ ಅಂಟಿಸಿ
ಹೆಸರು, ವಯಸ್ಸು ಬರೆಯುತ್ತೇನೆ.
ಇದನ್ನು ಮಾದೇಶನಿಗೆ ಹೇಳಲಿಲ್ಲ.

ಹೇಳುವ ಹಾಗೂ ಇರಲಿಲ್ಲ. ಗುರುವಾರದಿಂದ ಮಾತಿಲ್ಲ.
ಜಗಳ ಯಾವುದಕ್ಕೆ? ಗ್ಯಾಸ್ ಗೀಸರಿಗೆ, ಅನ್ನಿ.
ಗೀಸರಿನ ಹಿಂದೆ ಅವನ ತಮ್ಮನ ಸಾಲ,
ಸಾಲದ ಹಿಂದೆ ಬ್ಯಾಂಕಿನಲ್ಲಿ ನನ್ನ ಬಳೆ.

ಎರಡು ತಿಂಗಳು ಫ್ರಿಜ್ಜಿನಲ್ಲಿ ನಿಂತಿತ್ತು ಬಾಟಲಿ,
ದೋಸೆಹಿಟ್ಟಿನ ಡಬ್ಬಿಗೂ ಮೊಸರಿನ ಪಾತ್ರೆಗೂ ನಡುವೆ.
ಹುಳಿ ಬರುವುದೆಂದರೇನೆಂದು ಗೊತ್ತಿರುವ ಮನೆ;
ಹೊಸದೊಂದು ಬಂದು ನಿಂತಿದ್ದನ್ನು ಯಾರೂ ಕೇಳಲಿಲ್ಲ.

ಶನಿವಾರ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ
ಫುಟ್‌ಪಾತಿನ ಮೇಲೆ ಅವರೆಕಾಯಿ ಗುಡ್ಡೆ.
ಮಾಗಡಿ ಕಾಯಿ ಕಣಕ್ಕಾ, ಮೂಸಿ ನೋಡಿ, ಅಂದಳು.
ಮೂಸಿದೆ. ಎರಡು ಕೆಜಿ ತಂದೆ.
ಬಿಡಿಸಿ, ನೆನೆಸಿ, ಭಾನುವಾರ ಸಂಜೆ ಹಿತಕಲು ಕೂತರೆ
ಒಂದು ಜೊತೆ ಕೈ ಎಲ್ಲಿಗೆ ಸಾಕು?
ಕರೆಯದೆ ಬಂದು ಎದುರು ಕೂತ.
ಮಧ್ಯೆ ಪಾತ್ರೆ.

ಅವರೆಕಾಳಿನ ಸ್ವಭಾವವೇ ಹಾಗೆ:
ಹೆಬ್ಬೆರಳು ಕೊಂಚ ಸಿಟ್ಟಾದರೆ ಸಾಕು,
ಸಿಪ್ಪೆ ಕೈಯಲ್ಲಿ, ಬೇಳೆ ಆಕಾಶದಲ್ಲಿ.
ನನ್ನದೊಂದು ಹಾರಿ ಅವನ ಕನ್ನಡಕಕ್ಕೆ ತಗುಲಿ
ಅಂಗಿಯ ಜೇಬಿಗೆ ಬಿತ್ತು.
ತೆಗೆದ, ನೋಡಿದ, ಪಾತ್ರೆಗೆ ಹಾಕಿದ.
ನಗಲಿಲ್ಲ. ನಾನೂ ನಗಲಿಲ್ಲ.
ಆದರೆ ಮುಂದಿನದು ಅವನ ಕಡೆಯಿಂದ ಬಂತು.

ಬಾಟಲಿಯ ಬೆನ್ನಿನಲ್ಲಿ ಬರೆದಿತ್ತು:
ಮೀನು, ಕೋಳಿ, ಎಳೆಯ ಚೀಸಿನ ಜೊತೆ ಸೊಗಸು.
ಹಿತಕಿದ ಬೇಳೆ ಸಾರಿನ ಸುದ್ದಿಯಿಲ್ಲ,
ಮುದ್ದೆಯ ಸೊಲ್ಲೇ ಇಲ್ಲ.
ನಮ್ಮನ್ನ ಕೇಳೋರು ಯಾರಿದಾರೆ, ಅಂದ.
ನಾಲ್ಕನೆಯ ದಿನಕ್ಕೆ ಮೊದಲ ಮಾತು.
ಉತ್ತರ ಕೊಡದೆ ಲೋಟ ತಂದೆ.

ಗಾಜಿನವು ಇರಲಿಲ್ಲ. ಸ್ಟೀಲು,
ಒಂದರ ಮೇಲೆ ಚುಕ್ಕಿ ಚುಕ್ಕಿಯಾಗಿ ನನ್ನ ತಾಯಿಯ ಹೆಸರು.
ವೈನು ಬಿದ್ದೊಡನೆ ಲೋಟ ಹೊರಗೆಲ್ಲ ಬೆವರಿತು,
ಹೆಸರೂ.

ಮೊದಲ ಗುಟುಕಿಗೇ ಎಡವಟ್ಟು.
ಮುದ್ದೆ ನುಂಗುವ ಜಾತಿ, ಇದು ನಿಲ್ಲಿಸಿಕೊಳ್ಳುವ ಜಾತಿ;
ಒಂದು ಗಂಟಲಿಗೆ ಹೊರಟರೆ ಇನ್ನೊಂದು ನಾಲಿಗೆಯ ಮೇಲೆ ಕೂತು
ಸುತ್ತ ನೋಡುತ್ತದೆ, ಹೊಸ ಬೀಗರ ಹಾಗೆ.
ಸಾರಿನ ಖಾರಕ್ಕೆ ಇನ್ನಷ್ಟು ಉರಿ.
ಮಜ್ಜಿಗೇನೇ ವಾಸಿ, ಅಂದ.
ನನಗೂ ಹಾಗೇ ಅನ್ನಿಸಿತ್ತು,
ಅದಕ್ಕೇ ಒಪ್ಪಲಿಲ್ಲ.

ಬಲಗೈ ಎಂಜಲು. ಲೋಟ ಎತ್ತಿದ್ದು ಎಡಗೈ.
ಮೂರನೆಯ ಸಲ ಎತ್ತಿದಾಗ, ತುಟಿಗೆ ತಾಗುವ ಮುಂಚೆ
ಬಂತು: ಬೆರಳ ಸಂದಿಯಲ್ಲಿ ಉಳಿದಿದ್ದ ಸೊಗಡು,
ಎರಡು ಸಲ ಸೋಪು ಹಾಕಿದರೂ ಹೋಗದ್ದು,
ಜಿಡ್ಡು ಜಿಡ್ಡು, ಹಸಿ ಹಸಿ,
ಚಳಿಗಾಲದ ಗೋಣಿಚೀಲದ ಒಳಗಿನಂಥದ್ದು.
ಅದರ ಅಡಿಯಿಂದ ದ್ರಾಕ್ಷಿ, ತಣ್ಣಗೆ.
ಕೂಡಿದ್ದು ಬಾಯಲ್ಲಲ್ಲ. ಲೋಟದ ಅಂಚಿನಲ್ಲಿ,
ಊಟಕ್ಕೂ ಕುಡಿತಕ್ಕೂ ಗೊತ್ತಾಗದ ಹಾಗೆ.

ನಿನ್ನ ಎಡಗೈ ಮೂಸು, ಅಂದೆ.
ಮೂಸಿದ. ಕುಡಿದ. ಮತ್ತೆ ಮೂಸಿದ.
ಹೌದಲ್ವಾ, ಅಂದ.
ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಬೇಗ
ಒಪ್ಪಿಕೊಂಡಿದ್ದು ಇದೇ ಮೊದಲು.

ಬಳೆಯ ಮಾತು ಬರಲಿಲ್ಲ. ಬರುತ್ತದೆ, ಬುಧವಾರದೊಳಗೆ.
ಅರ್ಧ ಬಾಟಲಿ ವಾಪಸ್ಸು ಹಿಟ್ಟಿನ ಪಕ್ಕಕ್ಕೆ ಹೋಯಿತು.
ಬೆಳಿಗ್ಗೆ ಲ್ಯಾಬಿನಲ್ಲಿ, ಗ್ಲೌಸು ಏರಿಸುವ ಮುಂಚೆ,
ಯಾರೂ ನೋಡದ ಹಾಗೆ ಎಡಗೈ ಮೂಸಿಕೊಂಡೆ.
ಇನ್ನೂ ಇತ್ತು.