ಗ್ಲವ್ ಬಾಕ್ಸಿನಲ್ಲಿ ಏನಿದೆ

ಪೋರ್ಟ್ ಆಗಸ್ಟಾದಲ್ಲಿ ಬೆಳಗಿನ ಬಸ್ಸು ಎಂಬುದು ಒಂದು ವದಂತಿ.
ವೃದ್ಧಾಶ್ರಮದ ರಾತ್ರಿ ಪಾಳಿ ಮುಗಿಸಿ
ಆರು ಕಿಲೋಮೀಟರು ನಡೆಯುವಾಗ
ಪಕ್ಕದಲ್ಲೇ ಹಾಯುವ ರೋಡ್ ಟ್ರೇನಿನ ಗಾಳಿಗೆ
ದುಪಟ್ಟಾ ಮುಖಕ್ಕೆ ಬಡಿಯುತ್ತದೆ, ಹಲ್ಲಿಗೆ ಕೆಂಪು ಧೂಳು.
ಚನ್ನವೀರನ ಕಾರು ಅವನ ಹಿಂದೆಯೇ ಹೋಯಿತು.
ಅವನದು ಹೃದಯ, ಅದರದು ಗೇರ್ ಬಾಕ್ಸು,
ನಡುವೆ ಮೂರು ತಿಂಗಳು.

ಅದಕ್ಕೇ ಆ ಬಿಳಿ ಕೊರೋಲಾ ಕಂಡಾಗ
ಕಣ್ಣು ಅಲ್ಲೇ ಕೂತುಬಿಟ್ಟಿತು.
ಸಿಂಗಲ್ ಓನರ್. ನಾಲ್ಕು ಸಾವಿರದ ಎಂಟುನೂರು ಡಾಲರು,
ಬೇರೆಯವರು ಹತ್ತು ಸಾವಿರ ಕೇಳುವಲ್ಲಿ.
ಕಾರು ಬ್ರೂಮಿನಲ್ಲಿ, ಮಾಲೀಕ ಸಮುದ್ರದ ನಡುವೆ
ಗ್ಯಾಸ್ ರಿಗ್ಗಿನ ಮೇಲೆ; ಫೋನು ಸಿಗದು, ಮೇಲ್ ಮಾತ್ರ.
"ಇದು ನನ್ನ ಹೆಂಡತಿ ಮಾರ್ಗೋಳದು. ಹೋದ ವರ್ಷ ತೀರಿಕೊಂಡಳು.
ಕಂಡರೆ ಎದೆ ಉರಿಯುತ್ತದೆ, ಒಳ್ಳೆಯವರ ಕೈಗೆ ಹೋಗಲಿ.
ಅರ್ಧ ಹಣ ಸಾಗಣೆ ಕಂಪನಿಗೆ ಹಾಕಿ,
ಕಾರು ನಿಮ್ಮ ಬಾಗಿಲಿಗೇ ಬರುತ್ತದೆ.
ಐದು ದಿನ ಓಡಿಸಿ ನೋಡಿ, ಬೇಡವಾದರೆ ವಾಪಸ್ಸು."

ನನ್ನಜ್ಜ ಎಮ್ಮೆ ದಲ್ಲಾಳಿ.
ಹಲ್ಲು ಎಣಿಸಿ, ಸುಳಿ ನೋಡಿ, ಹಾಲು ಹಿಂಡಿ,
ಆಮೇಲೆ ಟವೆಲ್ಲಿನಡಿ ಬೆರಳು ಹಿಡಿಯುತ್ತಿದ್ದ.
ನೀರಲ್ಲಿರುವ ಎಮ್ಮೆಗೆ ದಡದಲ್ಲಿ ಬೆಲೆ ಕಟ್ಟುವವನನ್ನು
ಬೈಯುತ್ತಿರಲಿಲ್ಲ;
ಅವನಿಗೇ ಒಕ್ಕಣ್ಣಿನ ಎಮ್ಮೆ ಮಾರುತ್ತಿದ್ದ.
ಅವನ ರಕ್ತ ನನ್ನಲ್ಲಿ ಎಷ್ಟಿದೆಯೋ,
ನಾನಂತೂ ಬ್ಯಾಂಕಿನ ಆ್ಯಪ್ ತೆರೆದು ಕೂತಿದ್ದೆ.

ಏಳನೇ ಕೋಣೆಯ ಕ್ಲೆಮ್, ತೊಂಬತ್ತೊಂದು ವಯಸ್ಸು,
ನಲ್ಲಾರ್‌ಬಾರ್ ದಾರಿಯಲ್ಲಿ ನಲವತ್ತು ವರ್ಷ ಲಾರಿ ಹೊಡೆದವನು,
ಮಾತ್ರೆಗೆಂದು ಬಾಯಿ ತೆರೆದವನು ಹಾಗೇ ಫೋಟೋ ನೋಡಿದ.
"ಆ ಎಲೆ ನೋಡು, ಚಕ್ರದ ಕೆಳಗೆ."
ಮೇಪಲ್. ಕೆಂಪಗೆ, ಬಿಡಿಸಿಟ್ಟ ಅಂಗೈಯಂತೆ.
"ಬ್ರೂಮಿನಲ್ಲಿ ಎಲೆ ಉದುರುವ ಕಾಲವೇ ಇಲ್ಲ ಮಗಳೇ.
ಅಲ್ಲಿ ಉದುರುವುದು ಮಾವಿನಹಣ್ಣು, ಮತ್ತು ಕುಡುಕರು."
ಮಾತ್ರೆ ನುಂಗಿ ಗೋಡೆಗೆ ತಿರುಗಿದ.

ಚಾಸಿ ನಂಬರು ಕೇಳಿದೆ. ಹದಿನೇಳು ಅಕ್ಷರ ಇರಬೇಕಲ್ಲ,
ಹದಿನಾರು ಬಂದವು.
ಇವತ್ತಿನ ಪೇಪರಿನ ಜೊತೆ ಕಾರಿನ ಫೋಟೋ ಕೇಳಿದೆ.
ನಂಬಿಕೆಯೇ ಸತ್ತ ಲೋಕದ ಬಗ್ಗೆ ಒಂದು ಪುಟ ಬಂತು.
ಸಾಕಿತ್ತು, ಅಷ್ಟು ಸಾಕಿತ್ತು.
ಆದರೂ, ನಿಜ ಹೇಳುತ್ತೇನೆ, ಮಾರ್ಗೋ ನನ್ನನ್ನು ಬಿಡಲಿಲ್ಲ.
ರಾತ್ರಿ ಎರಡಕ್ಕೆ, ಡಯಾಪರ್ ಬದಲಿಸುವ ಎರಡು ಕೋಣೆಗಳ ನಡುವೆ,
ಕೊನೆಯದಾಗಿ ಬರೆದೆ:
ಆಕೆಯ ಗ್ಲವ್ ಬಾಕ್ಸಿನಲ್ಲಿ ಏನಿದೆ?

ನಾಲ್ಕೇ ನಿಮಿಷ.
"ಏನೂ ಇಲ್ಲ ಡಿಯರ್, ಪೂರ್ತಿ ಕ್ಲೀನ್."

ಚನ್ನವೀರನದರಲ್ಲಿ ಲವಂಗದ ಪೊಟ್ಟಣ ಇತ್ತು,
ಒಂಟಿ ಕಾಲುಚೀಲ, ಕಡ್ಲೆಕಾಯಿ ಸಿಪ್ಪೆ,
ಅಡಿಲೇಡ್ ಆಸ್ಪತ್ರೆಯ ಪಾರ್ಕಿಂಗ್ ಚೀಟಿ ಹನ್ನೊಂದು,
ಯಾವ ಬೀಗದ್ದೆಂದು ನನಗೆ ಗೊತ್ತಿಲ್ಲದ ಒಂದು ಕೀಲಿ.
ಗುಜರಿಯವನು ಬಂದ ದಿನ
ಎಲ್ಲವನ್ನೂ ದುಪಟ್ಟಾದಲ್ಲಿ ಕಟ್ಟಿಕೊಂಡು
ಫುಟ್‌ಪಾತಿನ ಮೇಲೆ ಕೂತಿದ್ದೆ.
ಸತ್ತವರ ಡಬ್ಬಿಯನ್ನು ಯಾರೂ ಬೇಗ ಖಾಲಿ ಮಾಡುವುದಿಲ್ಲ.
ಮಾಡಿದರೂ, ಏನೂ ಇಲ್ಲ ಎನ್ನಲು
ನಾಲ್ಕು ನಿಮಿಷ ಸಾಲದು.

ಆ್ಯಪ್ ಮುಚ್ಚಿದೆ. ಮತ್ತೆ ನಡೆದೆ, ಏಳು ವಾರ.

ಆಮೇಲೆ ಸೆಡೂನಾದ ಐರಿನಿ ಸಿಕ್ಕಳು, ಮೀನಂಗಡಿಯ ಗ್ರೀಕಳು.
"ದುಡ್ಡು ಕಳಿಸಬೇಡ, ಬಂದು ನೋಡು" ಎಂದಳು.
ಎರಡು ಡಾಲರು ಕೊಟ್ಟು ಸಾಲ ಬಾಕಿ ಇಲ್ಲವೆಂದು ಖಾತ್ರಿ ಮಾಡಿಕೊಂಡೆ,
ಊರಾಚೆಯ ದೊಡ್ಡ ಬಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಹೋದೆ.
ಬಾನೆಟ್ಟಿನ ಮೇಲೆ ಆಲಿಕಲ್ಲಿನ ಗುಳಿ, ಸೀಟಿಗೆ ಸಾರ್ಡೀನ್ ವಾಸನೆ.
ಚಕ್ರ ಒದ್ದೆ, ಬಗ್ಗಿ ನೋಡಿದೆ, ಎಂಜಿನ್ನಿಗೆ ಕಿವಿಯಿಟ್ಟೆ,
ಅಜ್ಜ ಕೆಚ್ಚಲು ತಡವಿದ ಹಾಗೆ.
ಕಾಗದ ನನ್ನ ಹೆಸರಿಗೆ ಆದಮೇಲೆ ಹಣ.

ವಾಪಸ್ಸು ಬರುತ್ತ ಕಿಂಬಾದಲ್ಲಿ ನಿಲ್ಲಿಸಿ
ಆ ಕೀಲಿಯನ್ನು ಡಬ್ಬಿಯೊಳಗಿಟ್ಟೆ.

"ಎಣ್ಣೆ ಕುಡಿಯುತ್ತದಾ?" ಕ್ಲೆಮ್ ಕೇಳಿದ.
ಕುಡಿಯುತ್ತದೆ, ಸ್ವಲ್ಪ, ಎಂದೆ.
ಅವಳೇ ಹೇಳಿದ್ದಳು.