ತಗಡು

ಬೈರಾದಲ್ಲಿ ಗಾಳಿ ನಿಂತ ನಾಲ್ಕನೇ ದಿನ
ಫೆಲಿಜಾರ್ಡಾ ತಲೆಯೆತ್ತಿ ಎಣಿಸಿದಳು.
ಹದಿನಾಲ್ಕರಲ್ಲಿ ಉಳಿದದ್ದು ಒಂಬತ್ತು,
ಮಿಕ್ಕದ್ದು ಆಕಾಶ.

ಅಂಗಡಿಯಲ್ಲಿ ಹೋದ ವಾರದ ಬೆಲೆ ಹೇಳಿದರೆ ನಗುತ್ತಾರೆ.
ಮೊಳೆಯನ್ನೀಗ ತೂಗುವುದಿಲ್ಲ, ಎಣಿಸಿ ಕೊಡುತ್ತಾರೆ.
ಬಡಗಿ ಅಮೀಸ್ ಬೇರೆಯವರ ಮಾಡಿನ ಮೇಲಿಂದಲೇ
ಕೂಲಿ ಕೂಗಿದ. ಕೇಳಿಸದವಳಂತೆ ನಡೆದಳು.
ಸೆರಗಿಲ್ಲದ ಸೀಮೆ; ಕಪುಲಾನದ ಗಂಟಿನಲ್ಲಿ
ಮಗಳ ಶಾಲೆಯ ಶೂಗೆಂದು ಇಟ್ಟ
ಎಂಟುನೂರು ಮೆಟಿಕಲ್.

ಮೀನು ಮಾರುಕಟ್ಟೆಯ ಹಿಂದೆ, ಹಳೇ ಸಾಮಾನಿನ ಸಾಲಲ್ಲಿ
ಗೋಡೆಗೊರಗಿ ನಿಂತಿತ್ತು ಅವಳದೇ ತಗಡು.
ಅಂಚಿಗೆ ದೋಣಿಗೆ ಬಳಿದು ಮಿಕ್ಕ ನೀಲಿ,
ತೂತಿಗೆ ತಾನೇ ಮೆತ್ತಿದ ಟಾರು,
ಟಾರಿನಲ್ಲಿ ಹೆಬ್ಬೆರಳ ಗುಳಿ.

“ಇದು ನನ್ನದು.”
“ಬೆಳಿಗ್ಗೆಯಿಂದ ನೀನು ಏಳನೆಯವಳು,” ಎಂದ ಹುಡುಗ.
“ಮುನ್ನೂರೈವತ್ತು.”

ಗುಳಿಯಲ್ಲಿ ಬೆರಳಿಟ್ಟಳು. ಸರಿಯಾಗಿ ಕೂತಿತು.
ಹುಡುಗ ನೋಡಿದ, ತುಂಬಾ ಹೊತ್ತು.
ಅವನ ಬೆನ್ನ ಹಿಂದೆ, ಟಾರ್ಪಾಲಿನಡಿ
ಯಾರೋ ಕೆಮ್ಮುತ್ತಿದ್ದರು.
“ಮುನ್ನೂರು.”

“ಎಂಟು ತೂತಿದೆ. ತೂತಿಗೆ ಹತ್ತು ಇಳಿಸು.”
“ತೂತು ಹೊಡೆದವರು ಯಾರು?”
“ನಾನೇ. ಅದಕ್ಕೇ ಗೊತ್ತು,
ಎಲ್ಲಿ ಸೋರುತ್ತದೆ ಅಂತ.”

ಇನ್ನೂರಿಪ್ಪತ್ತು ಎಣಿಸಿಕೊಟ್ಟು
ತಲೆಯ ಮೇಲೆ ಹೊತ್ತು ಹೊರಟಾಗ ಹನಿಯತೊಡಗಿತು.
ದಾರಿಯುದ್ದಕ್ಕೂ ಕಿವಿಯ ಪಕ್ಕದಲ್ಲೇ
ರಾತ್ರಿ ಮಲಗಿ ಕೇಳುತ್ತಿದ್ದ ಅದೇ ಸದ್ದು.
ತೊಲೆಯಲ್ಲಿ ಹಳೇ ಮೊಳೆಗಳಿವೆ,
ಬಡಿದು ನೆಟ್ಟಗೆ ಮಾಡಬಹುದು.
ಇನ್ನು ನಾಲ್ಕು.